ಕೊನೆಯ ಒಳ್ಳೆಯ ಅಂಕಿ

ಗೆರೋನ ಮೇಲ್ ಬಂದಾಗ ನೌಫೆಲ್ ಅಡುಗೆಮನೆಯಲ್ಲಿ ನಿಂತು ಬ್ಸೀಸಾ ಎಂಬ ಹುರಿದ ಧಾನ್ಯದ ಹಿಟ್ಟಿಗೆ ಆಲಿವ್ ಎಣ್ಣೆ ಸುರಿಯುತ್ತಿದ್ದ. ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಸಣ್ಣಗೆ ನಡುಗಿತು. ತಿಂದಾದ ಮೇಲೆ ಓದಬೇಕು ಎಂದುಕೊಂಡು ಆಗಲೇ ಓದಿದ; ಎಣ್ಣೆ ಹೆಚ್ಚಾಯಿತು. ‘ಸುಳ್ಳು ಹೇಳುವ ಫಂಕ್ಷನ್ ಒಂದು ನಮ್ಮ ಕರ್ನಲ್‌ನೊಳಗೆ ಹೇಗೆ ಬಂತು? ಸೆನ್ಸರ್ ಸತ್ತು ಬಿದ್ದಿದ್ದರೂ ಹಳೆಯ ಅಂಕಿಯನ್ನೇ ಒಪ್ಪಿಸುತ್ತಿದೆ. ದೊರ್ಸಾಫ್ ತಾನೇ ಕೆಡಿಸಿದ್ದನ್ನು ತಾನೇ ಸರಿಮಾಡಿ ಪ್ಯಾಚ್ ಕಳಿಸಿದ್ದಾಳೆ, ಸಂತೋಷ. ಆದರೆ ಈ ಕಡತದ ಉಸ್ತುವಾರಿ ಪಟ್ಟಿಯಲ್ಲಿ ಅವಳ ಹೆಸರು ಇನ್ನು ಇರಬಾರದು ಅನ್ನಿಸುತ್ತದೆ. ನೌಫೆಲ್, ಅದನ್ನು ಪರಿಶೀಲಿಸಿದವನು ನೀನು. ಅವಳ ಹೆಸರು ತೆಗೆಯಲು ನಿನ್ನ ಒಪ್ಪಿಗೆ ಬೇಕು. ಇವತ್ತು ಐದು ಗಂಟೆಗೆ ಎಲ್ಲವನ್ನೂ ಮೇಲಿನವರಿಗೆ ಕಳಿಸುತ್ತೇನೆ.’ ಗೆರೋ ಜರ್ಮನಿಯ ಯಾವುದೋ ಸಣ್ಣ ಊರಿನಲ್ಲಿ ಕೂತು, ಕಂಪ್ಯೂಟರನ್ನು ನಡೆಸುವ ಕರ್ನಲ್ ಎಂಬ ಮೂಲ ತಂತ್ರಾಂಶದ ಸೆನ್ಸರ್ ಡ್ರೈವರ್‌ಗಳನ್ನೆಲ್ಲ ಕಾಯುವ ಮನುಷ್ಯ. ಅವನು ಬರೆದದ್ದನ್ನು ಮೇಲಿಂಗ್ ಲಿಸ್ಟ್‌ನಲ್ಲಿರುವ ಆರುನೂರು ಜನ ಓದುತ್ತಾರೆ. ಓದಿ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೇ ನೌಫೆಲನಿಗೆ ಯಾವಾಗಲೂ ಹೆಚ್ಚು ಕೇಳಿಸುತ್ತಿತ್ತು. ‘ಪರಿಶೀಲಿಸಿದವನು ನೀನು’ ಎಂಬ ಮಾತಿನಲ್ಲಿ ಆರೋಪವಿತ್ತೇ, ಬರೀ ಸಂಬೋಧನೆಯಿತ್ತೇ ಎಂದು ಮೂರು ಸಲ ಓದಿದ. ಸಂಬೋಧನೆಯಷ್ಟೇ ಇತ್ತು. ಗೆರೋ ಅವನನ್ನು ನಂಬಿದ್ದ. ಹಿಟ್ಟು ನೀರಾಗಿಹೋಗಿತ್ತು, ಚಮಚದಲ್ಲಿ ತಿನ್ನಲೂ ಬಾರದೆ, ಚೆಲ್ಲಲೂ ಮನಸ್ಸಾಗದೆ ಹಾಗೇ ಮುಚ್ಚಿಟ್ಟ.

ಅದೊಂದು ಇಪ್ಪತ್ತು ಸಾಲಿನ ಸಹಾಯಕ ಫಂಕ್ಷನ್. ಕರ್ನಲ್‌ನ ಒಳಗೆ ಶಾಖ ಅಳೆಯುವ, ಒತ್ತಡ ಅಳೆಯುವ, ತೇವ ಅಳೆಯುವ ನೂರಾರು ಸೆನ್ಸರ್‌ಗಳಿಗೆ ಅವುಗಳಿಂದ ಓದಿಕೊಳ್ಳುವ ನೂರಾರು ಡ್ರೈವರ್ ಕೋಡ್‌ಗಳಿವೆ. ಎಲ್ಲವೂ ಅದೇ ಕೆಲಸವನ್ನು ಮತ್ತೆ ಮತ್ತೆ ಬರೆದುಕೊಳ್ಳುವ ಬದಲು ಒಬ್ಬರು ಒಂದು ಕಡೆ ಚೊಕ್ಕಟವಾಗಿ ಬರೆದಿಟ್ಟರೆ ಉಳಿದವರು ಕರೆದುಕೊಳ್ಳುತ್ತಾರೆ. ದೊರ್ಸಾಫ್ ಬರೆದದ್ದು ಸೆನ್ಸರ್‌ನಿಂದ ಅಂಕಿ ಓದಿಕೊಡುವ ಫಂಕ್ಷನ್. ಸೆನ್ಸರ್ ಉತ್ತರ ಕೊಡದಿದ್ದರೆ ಮತ್ತೊಮ್ಮೆ ಕೇಳುತ್ತದೆ. ಮೂರು ಸಲ ಕೇಳಿಯೂ ಉತ್ತರವಿಲ್ಲದಿದ್ದರೆ ‘ಓದಲಾಗಲಿಲ್ಲ’ ಎಂದು ವಾಪಸು ಹೇಳುತ್ತದೆ. ಅವಳ ಮೊದಲ ಆವೃತ್ತಿ ಹಾಗಿತ್ತು. ಎರಡನೆಯದೂ ಹಾಗೇ ಇತ್ತು. ಮೂರನೆಯದಕ್ಕೆ ನೌಫೆಲ್ ಲಿಸ್ಟ್‌ನಲ್ಲಿ ಎಲ್ಲರೆದುರು ಬರೆದಿದ್ದ: ‘ಒಂದು ಕ್ಷಣದ ತೊಡಕಿಗೆಲ್ಲ ಗಲಾಟೆ ಎಬ್ಬಿಸುವ ಫಂಕ್ಷನ್ ಯಾರಿಗೆ ಬೇಕು? ಓದಲಾಗದಿದ್ದರೆ ಕೊನೆಯ ಒಳ್ಳೆಯ ಅಂಕಿಯನ್ನೇ ಕೊಡಿ. ಸರಳಗೊಳಿಸಿ.’ ಅವಳು ಕೇಳಿದ್ದಳು: ‘ಹಾಗಾದರೆ ಅಂಕಿ ಹಳೆಯದು ಎಂದು ಕರೆದವರಿಗೆ ಗೊತ್ತಾಗುವುದು ಹೇಗೆ?’ ಅದಕ್ಕೆ ಅವನ ಉತ್ತರ ನಾಲ್ಕೇ ಶಬ್ದ. ‘ಮುಂದಿನ ಸಲ ಓದಲಾಗುತ್ತದೆ. ಸರಳಗೊಳಿಸಿ.’ ಏಳನೆಯ ಆವೃತ್ತಿಯ ಹೊತ್ತಿಗೆ ಅವಳು ಸೋತು, ಅವನು ಹೇಳಿದಂತೆಯೇ ಬರೆದು ಕಳಿಸಿದಳು. ಅವನು ಕೆಳಗೆ ‘ಪರಿಶೀಲಿಸಿದವರು: ನೌಫೆಲ್’ ಎಂಬ ಒಂದು ಸಾಲು ಸೇರಿಸಿದ. ಈಗ ಉತ್ತರದ ಯಾವುದೋ ಬಂದರಿನಲ್ಲಿ ಮೀನಿನ ಲಾರಿಯೊಂದರ ತಂಪುಪೆಟ್ಟಿಗೆ ಹತ್ತೊಂಬತ್ತು ಗಂಟೆ ಕೆಟ್ಟು ನಿಂತಿತ್ತಂತೆ, ಚಾಲಕನ ಎದುರಿನ ಪರದೆ ಅಷ್ಟೂ ಹೊತ್ತು ಎರಡು ಡಿಗ್ರಿ, ಎರಡು ಡಿಗ್ರಿ ಎನ್ನುತ್ತಿತ್ತಂತೆ. ದೂರು ಕೊಟ್ಟವನು ಫೋಟೋ ಹಾಕಿದ್ದ. ಟುನೀಶಿಯದ ಬಂದರೂರು ಸ್ಫಾಕ್ಸ್‌ನಲ್ಲಿ ಹುಟ್ಟಿದವನಿಗೆ ಮೀನಿನ ಕಣ್ಣು ಯಾವಾಗ ಬೆಳ್ಳಗಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಫೋಟೋ ನೋಡಿಯೇ ಅವನ ಮೂಗಿಗೆ ನಾತ ಬಡಿದಿತ್ತು.

ಆದರೆ ಬರೆದವಳ ಹೆಸರು ದೊರ್ಸಾಫಳದು. ಯಾರು ಹುಡುಕಿದರೂ ಮೊದಲು ಸಿಗುವುದು ಅದೇ. ಮೂರನೆಯ ಆವೃತ್ತಿಯ ಜಗ್ಗಾಟವೆಲ್ಲ ಎರಡು ವರ್ಷದ ಹಿಂದಿನ ಮೇಲ್‌ಗಳ ಅಡಿಯಲ್ಲಿ ಹೂತುಹೋಗಿದೆ. ಅದನ್ನು ಕೆದಕಿ ಓದುವಷ್ಟು ಪುರಸೊತ್ತು ಗೆರೋನಿಗಿಲ್ಲ. ಅವಳಾದರೂ ಹೇಳಬಹುದಿತ್ತು. ನಿನ್ನೆ ಕಳಿಸಿದ ಪ್ಯಾಚ್‌ನಲ್ಲಿ ‘ನನ್ನ ಹಿಂದಿನ ಬದಲಾವಣೆಯಿಂದ ಆದ ತಪ್ಪು’ ಎಂದಷ್ಟೇ ಬರೆದು ಸುಮ್ಮನಾಗಿದ್ದಳು. ಆ ಮರ್ಯಾದೆಯೇ ಅವನಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಅವಳು ಕೆರ್ಕೆನ್ನಾ ದ್ವೀಪದವಳು. ಇವನ ಮನೆಯಿಂದ ಬಂದರಿಗೆ ಹೋಗಿ ಫೆರಿ ಹತ್ತಿದರೆ ಒಂದೂಕಾಲು ಗಂಟೆಯ ದಾರಿ. ಒಮ್ಮೆಯೂ ಭೇಟಿಯಾಗಿರಲಿಲ್ಲ. ಆಕ್ಟೋಪಸ್ ಹಿಡಿಯುವವರ ಊರಿನಲ್ಲಿ ಕೂತು ಕೆಲಸ ಮಾಡುವವಳಿಗೆ ಆ ಪಟ್ಟಿಯಲ್ಲಿರುವ ಹೆಸರೇ ಪದವಿಪತ್ರ, ಅದೇ ಶಿಫಾರಸು. ಅದು ಹೋದರೆ ದೂರದ ಯಾವ ಕಂಪನಿಯೂ ಅವಳ ಮೇಲ್ ತೆರೆದು ನೋಡುವುದಿಲ್ಲ ಎಂಬುದು ನೌಫೆಲನಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವನೂ ಹಾಗೆಯೇ ಮೇಲೆ ಬಂದವನು.

“ಏ ನೌಫೆಲ್, ಆಸ್ಪತ್ರೆ ಮುಚ್ಚಿದ್ಮೇಲೆ ಹೋಗೋಣ ಅಂತಾನಾ?” ಎಂದು ತಾಯಿ ಹಲೂಮಾ ಹೊರಗಿನ ಬಾಗಿಲಿನಿಂದ ಕೂಗಿದಳು. ಆಗಲೇ ಸೆಫ್ಸಾರಿ ಎಂಬ ಬಿಳಿ ಮೇಲುವಸ್ತ್ರ ಹೊದ್ದು, ಸಕ್ಕರೆಯ ಅಂಕಿ ಬರೆದಿಡುವ ನೀಲಿ ನೋಟ್‌ಬುಕ್ಕನ್ನು ಎದೆಗವಚಿಕೊಂಡು ನಿಂತಿದ್ದಳು. ಈದ್ ಮುಗಿದು ಮೂರನೆಯ ದಿನ. ಮನೆಯಲ್ಲಿ ಇನ್ನೂ ಉಪ್ಪುಮೀನಿನ ವಾಸನೆ, ಒಣದ್ರಾಕ್ಷಿ ಈರುಳ್ಳಿ ಬೇಯಿಸಿದ ಷರ್ಮೂಲಾದ ಸಿಹಿ ವಾಸನೆ. ಐದು ನಿಮಿಷ ಎಂದು ಹೇಳಿ ಕೋಣೆಗೆ ಹೋಗಿ ಕೂತು ಬರೆದ: ‘ಈ ಲೋಪ ಪರಿಶೀಲನೆಯ ವೇಳೆ ಗಮನಕ್ಕೆ ಬರಲಿಲ್ಲ.’ ಓದಿಕೊಂಡ. ಎಷ್ಟು ಸಭ್ಯವಾದ ಸಾಲು. ಗಮನಕ್ಕೆ ಬರಲಿಲ್ಲವಂತೆ! ಅದು ತಾನಾಗಿ ಬಂದು ಬಾಗಿಲು ತಟ್ಟಬೇಕಿತ್ತೇ? ಅಳಿಸಿದ. ‘ನಾವೆಲ್ಲರೂ’ ಎಂದು ಶುರುಮಾಡಿ ಅದನ್ನೂ ಅಳಿಸಿದ. ಎಂಟು ವರ್ಷದ ಹಿಂದೆ ಅವನ ಮೊದಲ ಪ್ಯಾಚಿಗೆ ಒಬ್ಬ ಬರೆದಿದ್ದ, ‘ಇದನ್ನು ಕಣ್ಣು ಬಿಟ್ಟುಕೊಂಡು ಬರೆದಿರಾ?’ ಎಂದು. ಆ ದಿನ ಅವನು ಬಂದರಿನವರೆಗೆ ನಡೆದು ಹೋಗಿ, ಉಪ್ಪಿನ ಗುಡ್ಡೆಗಳನ್ನು ನೋಡುತ್ತಾ ಕತ್ತಲಾಗುವವರೆಗೆ ನಿಂತಿದ್ದ. ಆಮೇಲೆ ಅಂಥದೇ ಸಾಲುಗಳನ್ನು ಅವನೂ ಬರೆಯಲು ಕಲಿತ. ಬರೆದಷ್ಟೂ ಜನ ಗೌರವ ಕೊಟ್ಟರು.

ದೊರ್ಸಾಫಳಿಗೆ ಮಾತ್ರ ಬೇರೆಯವರಿಗಿಂತ ಗಟ್ಟಿಯಾಗಿ ಬರೆದಿದ್ದ. ಯಾಕೆಂದು ಅವನಿಗೆ ಗೊತ್ತು. ಮೂರನೆಯ ಆವೃತ್ತಿಗೆ ಒಂದು ದಿನ ಮುಂಚೆ ಅವಳು ಲಿಸ್ಟ್ ಬಿಟ್ಟು ಅವನೊಬ್ಬನಿಗೇ, ತಮ್ಮಿಬ್ಬರ ಮನೆಮಾತಾದ ಅರಬ್ಬಿಯಲ್ಲಿ, ಫ್ರೆಂಚ್ ಅಕ್ಷರ ಅಂಕಿಗಳನ್ನು ಕಲಸಿ, ಗೌರವಕ್ಕೆ ‘ಸೀ’ ಎಂದು ಸೇರಿಸಿ ಬರೆದಿದ್ದಳು: ‘ಸೀ ನೌಫೆಲ್, ನೀವು ಸ್ಫಾಕ್ಸ್‌ನೋರು ಅಂತ ಇವತ್ತು ಗೊತ್ತಾಯ್ತು, ಖುಷಿಗೆ ಅಮ್ಮಂಗೂ ಓದಿ ಹೇಳಿದೆ. ನಮ್ಮನೇಲಿ ಆಕ್ಟೋಪಸ್ ಒಣಗ್ಸಿದೀವಿ, ಫೆರೀಲಿ ಯಾರಾದ್ರೂ ಬಂದ್ರೆ ಕಳಿಸ್ತೀನಿ. ಪ್ಯಾಚಲ್ಲಿ ತಪ್ಪಿದ್ರೆ ಬಯ್ರಿ, ನಿಮ್ಮೂರೋಳು ಅಂತ ಬಿಡಬೇಡಿ.’ ಓದಿದವನ ಮೈ ಬಿಸಿಯಾಯಿತು. ಇಬ್ಬರು ಟುನೀಶಿಯದವರು ಒಬ್ಬರ ಕೆಲಸವನ್ನೊಬ್ಬರು ದಾಟಿಸುತ್ತಿದ್ದಾರೆ ಎಂದು ಯಾರಾದರೂ ಅಂದರೆ? ಯಾರೂ ಅಂದಿರಲಿಲ್ಲ, ಯಾರಿಗೂ ಅಷ್ಟು ಕಾಳಜಿಯೂ ಇರಲಿಲ್ಲ. ಅವನು ಇಂಗ್ಲಿಷಿನಲ್ಲಿ, ಲಿಸ್ಟ್‌ಗೆ ಕಾಣುವಂತೆ ಉತ್ತರಿಸಿದ: ‘ದಯವಿಟ್ಟು ಚರ್ಚೆ ಲಿಸ್ಟ್‌ನಲ್ಲೇ ಇರಲಿ.’ ಮಾರನೆಯ ದಿನ ಅವಳ ಕೋಡ್‌ನಲ್ಲಿ ತಪ್ಪು ಹುಡುಕಿದ. ತಪ್ಪು ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೇ ಆ ಸರಳಗೊಳಿಸುವ ಯೋಚನೆ ಹೊಳೆದದ್ದು. ಇದನ್ನು ಯಾರಿಗೆ ಹೇಳುವುದು? “ನೌಫೆಲ್!” ಎಂದಳು ತಾಯಿ ಮತ್ತೆ, ಅವನು ಎದ್ದ.

ಡಿಸ್ಪೆನ್ಸರಿಯಲ್ಲಿ ಹಬ್ಬ ತಿಂದು ಸುಸ್ತಾದವರದೇ ಸಾಲು. ಹಲೂಮಾ ಪಕ್ಕದ ಹೆಂಗಸಿಗೆ ತನ್ನ ಷರ್ಮೂಲಾದಲ್ಲಿ ದಾಲ್ಚಿನ್ನಿ ಎಷ್ಟು ಎಂದು ವಿವರಿಸುತ್ತಿದ್ದಳು. ನೌಫೆಲ್ ಫೋನಿನಲ್ಲಿ ಗೆರೋನ ಮೇಲ್ ತೆರೆದು, ಮುಚ್ಚಿ, ತೆರೆದು ನೋಡಿದ. ನಡುವೆ ಯಾರೂ ಏನೂ ಬರೆದಿರಲಿಲ್ಲ. ಒಪ್ಪಿಗೆ ಎಂದು ಒಂದೇ ಸಾಲು ಬರೆದರೆ ಮುಗಿಯಿತು. ಅವಳಿಗಿನ್ನೂ ಇಪ್ಪತ್ತೇಳು ವರ್ಷ, ಮತ್ತೆ ಹೆಸರು ಮಾಡಬಹುದು. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಗಿ ಫೋನನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನರ್ಸ್ ಹಯೆತ್ ಕರೆದಳು. ಬೆರಳಿಗೆ ಚುಚ್ಚಿ, ಯಂತ್ರ ನೋಡಿ, ನೋಟ್‌ಬುಕ್ಕು ತಿರುವಿ, ಮತ್ತೆ ಯಂತ್ರ ನೋಡಿದಳು.

“ಅಮ್ಮಾ ಹಲೂಮಾ, ನಿನ್ನ ಪುಸ್ತಕದಲ್ಲಿ ಒಂದು ಪಾಯಿಂಟ್ ಇಪ್ಪತ್ತೆಂಟು, ಒಂದು ಮೂವತ್ತೊಂದು, ಒಂದು ಇಪ್ಪತ್ತೆಂಟು. ಮದುವೆ ಹೆಣ್ಣಿನ ಸಕ್ಕರೆ ಇದು! ನನ್ನ ಯಂತ್ರ ನೋಡಿದ್ರೆ ಎರಡು ತೊಂಬತ್ತೊಂದು ಅಂತಿದೆ. ಯಾರನ್ನ ನಂಬ್ಲಿ?”

“ನಿನ್ನ ಯಂತ್ರಾನೂ ಹಬ್ಬ ಮಾಡಿರಬೇಕು,” ಎಂದಳು ಹಲೂಮಾ. ಸಾಲಿನಲ್ಲಿದ್ದವರು ನಕ್ಕರು.

ನೌಫೆಲ್ ನಗಲಿಲ್ಲ. ನೋಟ್‌ಬುಕ್ಕನ್ನು ಕಿತ್ತುಕೊಂಡು ನೋಡಿದ. ಹಬ್ಬದ ಹಿಂದಿನ ದಿನದಿಂದ ಎಲ್ಲ ಅಂಕಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದಂತಿದ್ದವು. “ಸುಳ್ಳು ಬರೆದಿದೀಯಾ? ಸಕ್ಕರೆ ವಿಷಯದಲ್ಲಿ ಸುಳ್ಳಾ? ನಿಂಗೇನು ಬುದ್ಧಿ ಇದೆಯಾ ಇಲ್ವಾ?” ಎಂದು ಕೂಗಿದ. ತನ್ನ ದನಿ ಗೋಡೆಗೆ ಬಡಿದು ವಾಪಸು ಬಂದದ್ದು ಅವನಿಗೇ ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

“ಯಂತ್ರಕ್ಕೆ ಹಾಕೋ ಕಾಗದದ ಪಟ್ಟಿ ಹಬ್ಬದ ಹಿಂದಿನ ದಿನಾನೇ ಮುಗೀತು,” ಎಂದಳು ಹಲೂಮಾ ಮೆಲ್ಲಗೆ. “ಯಂತ್ರ ಮಾತಾಡ್ದೇ ಇದ್ರೆ ನಾನೇನ್ ಬರೀಲಿ? ಹಿಂದಿನ ದಿನಗಳದ್ದೇ ಬರೆದೆ. ಚೆನ್ನಾಗಿತ್ತಲ್ಲ ಅದು.”

“ಖಾಲಿ ಬಿಡೋದು ತಾನೇ!”

“ಖಾಲಿ ಬಿಟ್ರೆ ನೀನು ಕೂಗ್ತೀಯಲ್ಲಪ್ಪಾ. ಒಂದು ದಿನಾನೂ ಖಾಲಿ ಬಿಡಬಾರ್ದು ಅಂತ ಅವತ್ತು ಮೇಜು ಕುಟ್ಟಿ ಹೇಳಿರ್ಲಿಲ್ವಾ? ಕೆಲಸದ ತಲೆಬಿಸೀಲಿರ್ತೀಯ, ಪಟ್ಟಿ ತಂದ್ಕೊಡು ಅಂತ ಹೇಳೋಕೂ ಹೆದರಿಕೆ.”

ಹಯೆತ್ ಹೊಸ ಪಟ್ಟಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅವಳು ಈಗ ತಮಾಷೆ ಬಿಟ್ಟಿದ್ದಳು. “ಸೀ ನೌಫೆಲ್, ಖಾಲಿ ಇದ್ದಿದ್ರೆ ನಾನೇ ಫೋನ್ ಮಾಡಿ ಕೇಳ್ತಿದ್ದೆ. ಇದೇ ಥರದ ಅಂಕಿ ನೋಡಿ ಡಾಕ್ಟರು ಹೋದ ವಾರ ಮಾತ್ರೆ ಕಮ್ಮಿ ಮಾಡ್ಬಿಟ್ರು. ಸಾಯಂಕಾಲ ಐದಕ್ಕೆ ಮನೇಲಿ ಮತ್ತೊಮ್ಮೆ ನೋಡಿ, ನಿಜವಾದ್ದು ಬರೀರಿ. ಮತ್ತೆ ಅಮ್ಮನ್ನ ಜನರ ಮುಂದೆ ಹಂಗೆಲ್ಲ ಕೂಗ್ಬೇಡಿ, ಚೆನ್ನಾಗಿರಲ್ಲ.”

ಟ್ಯಾಕ್ಸಿಯ ಚಾಲಕ ಪೆಟ್ರೋಲಿನ ಬಗ್ಗೆ, ಫುಟ್‌ಬಾಲಿನ ಬಗ್ಗೆ, ತನ್ನ ಮಾವನ ಬಗ್ಗೆ ಬಯ್ದುಕೊಂಡು ಗ್ರೆಮ್ದಾ ರಸ್ತೆಯುದ್ದಕ್ಕೂ ಒಬ್ಬನೇ ಸಭೆ ನಡೆಸಿದ. ಹಲೂಮಾ ಚುಚ್ಚಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು. ಈ ಹೆಂಗಸು ಒಂದು ಕಾಲದಲ್ಲಿ ಬಾಬ್ ಜೆಬ್ಲಿ ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಬಿಡಿಸಿ ನೋಡದೆ ಹಣದ ಚೀಲ ತೆರೆದವಳಲ್ಲ. ಮಾರುವವನು ದೇವರಾಣೆ ಹಾಕಿದರೆ, “ಆಣೆ ನೀನಿಟ್ಕೋ, ಕಿವಿರು ತೋರ್ಸು” ಎನ್ನುತ್ತಿದ್ದಳು. ಅವಳನ್ನು ಸುಳ್ಳು ಬರೆಯುವಷ್ಟು ಹೆದರಿಸಿದವರು ಯಾರು? ‘ಹಾಗಾದರೆ ಅಂಕಿ ಹಳೆಯದು ಎಂದು ಗೊತ್ತಾಗುವುದು ಹೇಗೆ’ ಎಂದು ದೊರ್ಸಾಫ್ ಕೇಳಿದಂತೆ ತಾಯಿಯೂ ಒಂದು ದಿನ ಏನನ್ನೋ ಕೇಳಿರಬಹುದು, ಯಾವುದೋ ಬೆಳಿಗ್ಗೆ, ಅವನು ಪರದೆಯಿಂದ ತಲೆ ಎತ್ತದೇ ಇದ್ದಾಗ. ಏನು ಉತ್ತರ ಕೊಟ್ಟಿದ್ದನೋ ನೆನಪಾಗಲಿಲ್ಲ.

ಮನೆಗೆ ಬಂದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ. ಅಂಗಳದ ಬಾದಾಮಿ ಮರಕ್ಕೆ ನೀರು ಹಾಕಿದ, ನಿನ್ನೆಯೇ ಹಾಕಿದ್ದ. ಮೂರೂವರೆಗೆ ಕೂತು ಕೊನೆಗೂ ಬರೆದ. ‘ದೊರ್ಸಾಫಳ ಹೆಸರು ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಈ ವಿಷಯದಲ್ಲಿ ನನ್ನ ಕಡೆಯಿಂದಲೂ ಲೋಪವಾಗಿದೆ. ತೆಗೆಯುವುದಾದರೆ ನನ್ನ ಹೆಸರನ್ನು ತೆಗೆಯಿರಿ.’ ಕಳಿಸಿ ಬೆವರು ಒರೆಸಿಕೊಂಡ. ಗೆರೋನ ಉತ್ತರ ಎರಡೇ ನಿಮಿಷಕ್ಕೆ ಬಂತು: ‘ಸರಿ. ಪ್ಯಾಚ್ ಕಳಿಸು. ಆ ಕಡತಕ್ಕೆ ನೀವಿಬ್ಬರೇ ಉಸ್ತುವಾರಿ, ಆದ್ದರಿಂದ ಅವಳು ಪರಿಶೀಲಿಸಲಿ. ಐದರೊಳಗೆ ಅವಳ ಸಹಿ ಬಾರದಿದ್ದರೆ ನಿನ್ನ ಒಪ್ಪಿಗೆ ಇಲ್ಲದಿದ್ದರೂ ಮೊದಲು ಹೇಳಿದಂತೆ ಅವಳ ಹೆಸರನ್ನೇ ತೆಗೆಯುತ್ತೇನೆ.’ ಅಲ್ಲಿ ಹಾಗೆಯೇ. ಪಶ್ಚಾತ್ತಾಪಪಟ್ಟರೂ ಸರಿಯಾದ ರೂಪದಲ್ಲಿ, ಸರಿಯಾದ ವಿಳಾಸಕ್ಕೆ, ಒಂದು ಸಾಲು ಅಳಿಸಿದ ಪ್ಯಾಚ್ ಆಗಿ ಕಳಿಸಬೇಕು. ನೌಫೆಲ್ ಪಟ್ಟಿಯ ಕಡತ ತೆರೆದು ತನ್ನ ಹೆಸರಿದ್ದ ಸಾಲನ್ನು ಅಳಿಸಿದ. ಎಂಟು ವರ್ಷದ ದುಡಿಮೆಗೆ ಸಿಕ್ಕಿದ್ದು ಅದೊಂದು ಸಾಲು. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ ‘ಉಸ್ತುವಾರಿ ಪಟ್ಟಿಯ ಪರಿಷ್ಕರಣೆ’ ಎಂದು ಹಾಕಿ ಕಳಿಸಿದ.

ಆಮೇಲೆ, ಎರಡು ವರ್ಷದಿಂದ ಖಾಸಗಿಯಾಗಿ ಉತ್ತರಿಸದೇ ಬಿಟ್ಟಿದ್ದ ಅವಳ ಮೇಲನ್ನು ಹುಡುಕಿ ತೆಗೆದು, ಅದಕ್ಕೆ, ಅವಳೊಬ್ಬಳಿಗೇ, ಮನೆಮಾತಿನಲ್ಲಿ ಬರೆಯತೊಡಗಿದ. ಈ ಸಲ ಕೈ ಓಡಿತು. ‘ದೊರ್ಸಾಫ್, ಹಬ್ಬದ ಶುಭಾಶಯ. ನಿನ್ನ ಕೋಡ್ ಸರಿಯಾಗೇ ಇತ್ತಮ್ಮಾ. ಕೆಡಿಸಿದ್ದು ನಾನು. ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಅದಕ್ಕೇ ಗದರಿಸ್ದೆ. ನಮ್ಮೂರ ಕಡೆಯೋಳು ಅಂತ ಸಡಿಲ ಬಿಟ್ಟ ಅಂತ ಯಾರಾದ್ರೂ ಅಂದಾರು ಅಂತ ಹೆದರಿಕೆ ಇತ್ತು. ಕ್ಷಮಿಸು.’ ಕಳಿಸಿದಾಗ ಎದೆ ನಿಜಕ್ಕೂ ಹಗುರವಾಯಿತು. ಎದ್ದು ಹೋಗಿ ಬೆಳಗಿನ ಬ್ಸೀಸಾವನ್ನು ಹಾಗೇ ಗಟಗಟ ಕುಡಿದ. ಅವಳು ಕರಗುತ್ತಾಳೆ, ಒಳ್ಳೆಯ ಮನೆಯ ಹುಡುಗಿ, ‘ಇರಲಿ ಬಿಡಿ ಸೀ ನೌಫೆಲ್’ ಎಂದು ಬರೆಯುತ್ತಾಳೆ ಎಂದುಕೊಂಡ. ಆಕ್ಟೋಪಸ್ಸಿನ ಮಾತು ಮತ್ತೆ ಬರಬಹುದೆಂದೂ ಅನ್ನಿಸಿತು.

ನಾಲ್ಕೂವರೆಗೆ ಉತ್ತರ ಬಂತು. ಇಂಗ್ಲಿಷಿನಲ್ಲಿ, ಲಿಸ್ಟ್‌ನಲ್ಲಿ, ಅವನ ಪ್ಯಾಚಿನ ಕೆಳಗೆ, ಎಲ್ಲರಿಗೂ ಕಾಣುವಂತೆ. ಅವನ ಖಾಸಗಿ ಮಾತಿನ ಒಂದಕ್ಷರವನ್ನೂ ಅವಳು ಅಲ್ಲಿ ಎತ್ತಿ ಆಡಿರಲಿಲ್ಲ. ‘ದಯವಿಟ್ಟು ಚರ್ಚೆ ಲಿಸ್ಟ್‌ನಲ್ಲೇ ಇರಲಿ. ಬದಲಾವಣೆಗೆ ಕಾರಣವನ್ನು ಬರೆದಿಲ್ಲ. ಕಾರಣ ಸೇರಿಸಿ ಎರಡನೆಯ ಆವೃತ್ತಿ ಕಳಿಸಿ. ದೊರ್ಸಾಫ್.’

ಅವನ ಕಿವಿ ಕೆಂಪಗಾಯಿತು. ಎಷ್ಟು ಸೊಕ್ಕು! ಎರಡನೆಯ ಆವೃತ್ತಿಯಂತೆ. ಎದ್ದು ಬಾಗಿಲವರೆಗೆ ಹೋಗಿ ವಾಪಸು ಬಂದ. ಲ್ಯಾಪ್‌ಟಾಪ್ ಮುಚ್ಚಿದ, ತೆರೆದ. ತನ್ನ ಪ್ಯಾಚನ್ನು ಬೇರೆ ಯಾರದೋ ಪ್ಯಾಚು ಓದುವಂತೆ ಓದಿದ. ಉಸ್ತುವಾರಿ ಪಟ್ಟಿಯ ಪರಿಷ್ಕರಣೆ. ಇಂಥದನ್ನು ಯಾರಾದರೂ ಹೊಸಬರು ಅವನಿಗೆ ಕಳಿಸಿದ್ದರೆ ಏನು ಬರೆಯುತ್ತಿದ್ದ? ಕಣ್ಣು ಬಿಟ್ಟುಕೊಂಡು ಬರೆದಿರಾ ಎನ್ನುತ್ತಿದ್ದ. ಅವಳು ಅಷ್ಟು ಕೂಡ ಅಂದಿರಲಿಲ್ಲ. ಅವಳಿಗೆ ಹೇಳಿ ಎದೆ ಹಗುರ ಮಾಡಿಕೊಂಡದ್ದನ್ನು ಆರುನೂರು ಜನರಿಗೆ ಹೇಳದೆ ಉಳಿಸಿಕೊಂಡಿದ್ದ. ಗೊತ್ತಿದ್ದವಳಿಗೇ ಗೊತ್ತಿದ್ದದ್ದನ್ನು ಹೇಳಿದ್ದ. ಗೋಡೆಯ ಗಡಿಯಾರ ನಾಲ್ಕು ನಲವತ್ತೊಂದು ತೋರಿಸುತ್ತಿತ್ತು. ಪ್ಯಾಚಿನೊಳಗೆ ಬರೆದದ್ದು ಮೇಲ್‌ನಂತಲ್ಲ. ಅದು ಕರ್ನಲ್‌ನ ಚರಿತ್ರೆಗೆ ಸೇರುತ್ತದೆ, ಯಾರೂ ಅಳಿಸಲಾರರು. ತಾಯಿ ಸತ್ತ ಮೇಲೂ, ಅವನು ಸತ್ತ ಮೇಲೂ, ಯಾರೋ ಒಬ್ಬ ಆ ಸಾಲು ಯಾಕೆ ಹೋಯಿತು ಎಂದು ಹುಡುಕಿದರೆ ಇದು ಸಿಗುತ್ತದೆ. ಹೆದರಿಕೆಯಾಯಿತು, ಬರಿಯ ಹೆದರಿಕೆ, ಶಾಲೆಯಲ್ಲಿ ಹಲಗೆಯ ಮುಂದೆ ನಿಲ್ಲಿಸಿದಾಗಿನಂಥದು. ಹಾಗೆ ಹೆದರಿಕೊಂಡೇ ಬರೆದ.

‘ದೊರ್ಸಾಫ್ ಬರೆದ ಮೊದಲ ಆವೃತ್ತಿಗಳಲ್ಲಿ, ಸೆನ್ಸರ್ ಓದಲಾಗದಿದ್ದರೆ ಫಂಕ್ಷನ್ ಹಾಗೆಂದೇ ಹೇಳುತ್ತಿತ್ತು. ಮೂರನೆಯ ಆವೃತ್ತಿಯ ಪರಿಶೀಲನೆಯಲ್ಲಿ, ಹಳೆಯ ಅಂಕಿಯನ್ನೇ ಕೊಡುವಂತೆ ಬದಲಿಸಲು ಹೇಳಿದವನು ನಾನು. ಹಾಗೆ ಮಾಡಿದರೆ ಕರೆದವರಿಗೆ ತಿಳಿಯುವುದು ಹೇಗೆ ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಆದರೂ ಒತ್ತಾಯಿಸಿದೆ. ಲಾರಿಯಲ್ಲಿ ಮೀನು ಕೊಳೆತದ್ದು ನನ್ನ ಬದಲಾವಣೆಯಿಂದ, ಅವಳದರಿಂದಲ್ಲ. ಆದ್ದರಿಂದ ಈ ಕಡತದ ಉಸ್ತುವಾರಿಯಿಂದ ನನ್ನ ಹೆಸರನ್ನು ತೆಗೆಯಲಾಗಿದೆ.’ ತೆಗೆಯಲಾಗಿದೆ ಎಂಬುದನ್ನು ಅಳಿಸಿ ‘ತೆಗೆಯುತ್ತಿದ್ದೇನೆ’ ಎಂದು ತಿದ್ದಿದ. ಆವೃತ್ತಿ ಎರಡು ಎಂದು ಗುರುತು ಹಾಕಿ, ನಾಲ್ಕು ಐವತ್ತಕ್ಕೆ ಕಳಿಸಿದ. ನಾಲ್ಕು ಐವತ್ತಾರಕ್ಕೆ ಒಂದೇ ಸಾಲು ಬಂತು. ‘ಪರಿಶೀಲಿಸಿದವರು: ದೊರ್ಸಾಫ್.’ ಐದಕ್ಕೆ ಗೆರೋ ಬರೆದ: ‘ತೆಗೆದುಕೊಂಡಿದ್ದೇನೆ. ದೊರ್ಸಾಫಳ ಹೆಸರು ಇರುತ್ತದೆ.’ ಖಾಸಗಿ ಪೆಟ್ಟಿಗೆಯಲ್ಲಿ ಏನಾದರೂ ಬಂದಿದೆಯೇ ಎಂದು ನೌಫೆಲ್ ನೋಡಿದ. ಏನೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ.

“ಐದಾಯ್ತು,” ಎಂದು ಹಲೂಮಾ ಬಾಗಿಲಲ್ಲಿ ಬಂದು ನಿಂತಳು, ಒಂದು ಕೈಯಲ್ಲಿ ಯಂತ್ರ, ಒಂದು ಕೈಯಲ್ಲಿ ನೋಟ್‌ಬುಕ್ಕು. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲಾಚೆಯೇ ನಿಂತಿದ್ದಳು. ಅವನು ಕುರ್ಚಿ ಎಳೆದು ಕೂರಿಸಿದ. ಬೆರಳಿಗೆ ತಾನೇ ಚುಚ್ಚಿದ. ಯಂತ್ರ ಐದು ಎಣಿಸಿ ಎರಡು ಅರವತ್ತಮೂರು ಎಂದಿತು. ಪೆನ್ನು ತೆಗೆದುಕೊಂಡು ಇವತ್ತಿನ ತಾರೀಖಿನ ಮುಂದೆ 2.63 ಎಂದು ಬರೆದ. ಹಬ್ಬದ ಹಿಂದಿನ ದಿನದಿಂದ ಬರೆದಿದ್ದ ಅಂಕಿಗಳ ಮೇಲೆ ಅಡ್ಡಗೆರೆ ಎಳೆದ.

“ಬಯ್ಯಲ್ವಾ?” ಎಂದಳು ಹಲೂಮಾ.

“ಇಲ್ಲಮ್ಮಾ.”

“ನಿಜವಾಗ್ಲೂ?”

“ಇಲ್ಲ ಅಂದ್ನಲ್ಲ. ಬಯ್ಯಲ್ಲ.”

ಅವಳು ಅವನ ಮುಖವನ್ನೇ ನೋಡಿದಳು, ಮೀನಿನವನ ಎದುರು ನಿಂತಾಗ ನೋಡುತ್ತಿದ್ದಂತೆ. ಆಮೇಲೆ ತಲೆವಸ್ತ್ರದ ತುದಿಯಿಂದ ಬೆರಳಿನ ರಕ್ತ ಒರೆಸಿಕೊಂಡು ಹೇಳಿದಳು: “ಹಂಗಿದ್ರೆ ಹೇಳ್ತೀನಿ. ಹಬ್ಬದ್ದು ಮಾತ್ರ ಅಲ್ಲ ಕಣಪ್ಪಾ. ರಂಜಾನ್ ಪೂರ್ತಿ ಅರ್ಧಕ್ಕರ್ಧ ನಾನೇ ಬರೆದಿದ್ದು. ಅದಕ್ಕೂ ಮುಂಚೇದೂ.”

“ಯಾವಾಗಿಂದ?”

“ನೀನು ಮೊದಲ್ನೇ ಸಲ ಕೂಗ್ದಾಗಿಂದ.”

ನೌಫೆಲ್ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದ. ಒಂದು ಇಪ್ಪತ್ತಾರು, ಒಂದು ಮೂವತ್ತು, ಒಂದು ಇಪ್ಪತ್ತೆಂಟು. ಎಲ್ಲ ತಾಯಿಯ ದುಂಡು ಅಕ್ಷರದಲ್ಲಿ, ಒಂದು ಮನೆಯೂ ಖಾಲಿ ಇಲ್ಲದೆ. ಆ ದಿನ ಯಾವುದಿರಬಹುದು ಎಂದು ಅವನು ಹುಡುಕಿದ. ಪುಸ್ತಕ ಮುಗಿಯಿತು. “ಇದಕ್ಕಿಂತ ಹಿಂದಿನ ಪುಸ್ತಕ ಇದೆಯಾ?” ಎಂದು ಕೇಳಿದ. ಇದೆ ಎಂದು ಹೇಳಿ ಹಲೂಮಾ ತರಲು ಎದ್ದಳು.